ವಿಜ್ಞಾನ ಮೇಳಕ್ಕೆ ವಿಷಯ ಬೇಕೇ? ಮೊದಲು ಪ್ರಶ್ನೆ ಹುಡುಕಿ

ಮೇಳದ ದಿನಾಂಕ ಗೊತ್ತಾದ ಸಂಜೆ ಬಹುತೇಕ ಮನೆಗಳಲ್ಲಿ ನಡೆಯುವ ಕೆಲಸ ಒಂದೇ: ಮೊಬೈಲ್ ಕೈಗೆತ್ತಿಕೊಂಡು 'ಸುಲಭ ವಿಜ್ಞಾನ ಪ್ರಾಜೆಕ್ಟ್‌ಗಳು' ಎಂದು ಹುಡುಕುವುದು. ಸಿಗುವುದೂ ಪ್ರತಿವರ್ಷದ ಅದೇ ಪಟ್ಟಿ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವ ಜ್ವಾಲಾಮುಖಿ, ಥರ್ಮಾಕೋಲ್ ಉಂಡೆಗಳ ಸೌರವ್ಯೂಹ, ನಿಂಬೆಹಣ್ಣಿನ ಬ್ಯಾಟರಿ. ನೋಡಲು ಚೆಂದ, ಮಾಡಲು ಸಲೀಸು. ತೊಂದರೆ ಶುರುವಾಗುವುದು ತೀರ್ಪುಗಾರರು ಮೇಜಿನ ಮುಂದೆ ನಿಂತು 'ಇದನ್ನು ಮಾಡಿದ್ದರಿಂದ ನಿನಗೆ ಹೊಸದಾಗಿ ಏನು ತಿಳಿಯಿತು?' ಎಂದು ಕೇಳಿದಾಗ. ಆರಂಭಿಸುವ ಮೊದಲೇ ಫಲಿತಾಂಶ ಗೊತ್ತಿದ್ದ ಕೆಲಸದಿಂದ ತಿಳಿಯುವುದಾದರೂ ಏನಿರುತ್ತದೆ?

ಪುಸ್ತಕದಲ್ಲಿರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರೆ ಅದು ಮಾದರಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಹಿಡಿದು, ಅಳೆದು ನೋಡಿದರೆ ಅದು ಪ್ರಯೋಗ. ನಿಮ್ಮ ಮೇಳದ ನಿಯಮಾವಳಿ ಮಾದರಿಯನ್ನೇ ಕೇಳಿದ್ದರೆ ಮಾದರಿ ಮಾಡಿ, ತಕರಾರಿಲ್ಲ. ಪ್ರಯೋಗಕ್ಕೆ ಅವಕಾಶವಿದ್ದರೆ ಮುಂದೆ ಓದಿ. ಉಪಕರಣ ಕಟ್ಟುವ ಆಸೆ ಇರುವವರಿಗೂ ಇದು ಅನ್ವಯಿಸುತ್ತದೆ. 'ಯಂತ್ರ ಓಡುತ್ತದೆ' ಎಂದರೆ ಸಾಲದು, ಹಳೆಯ ವಿಧಾನಕ್ಕಿಂತ ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಅಳೆದು ತೋರಿಸಬೇಕಾಗುತ್ತದೆ.

ಒಂಬತ್ತು ವರ್ಷದ ಹುಡುಗಿಯ ಪ್ರಯೋಗ

ಒಳ್ಳೆಯ ಪ್ರಯೋಗಕ್ಕೆ ಪ್ರಯೋಗಾಲಯ ಬೇಕು, ದುಬಾರಿ ಉಪಕರಣ ಬೇಕು ಎಂದು ನಂಬಿರುವವರಿಗೆ ಎಮಿಲಿ ರೋಸಾಳ ಕೆಲಸವನ್ನು ತೋರಿಸಬೇಕು. ಅಮೆರಿಕದ ಈ ಹುಡುಗಿ ಶಾಲೆಯ ವಿಜ್ಞಾನ ಮೇಳಕ್ಕೆಂದು ಪ್ರಯೋಗ ಮಾಡಿದಾಗ ಅವಳಿಗೆ 9 ವರ್ಷ. ರೋಗಿಯನ್ನು ಮುಟ್ಟದೆ, ಮೈಯಿಂದ ಸ್ವಲ್ಪ ಮೇಲೆ ಕೈಯಾಡಿಸಿ 'ಶಕ್ತಿ ಕ್ಷೇತ್ರ'ವನ್ನು ಗ್ರಹಿಸುತ್ತೇವೆ, ಅದರಿಂದ ಗುಣಪಡಿಸುತ್ತೇವೆ ಎನ್ನುವ ಚಿಕಿತ್ಸಕರು ಆಗ ಅಲ್ಲಿ ಬಹಳ ಮಂದಿ ಇದ್ದರು. ಆ ಚಿಕಿತ್ಸೆಯಿಂದ ರೋಗ ವಾಸಿಯಾಗುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ; ಅದನ್ನು ಪರೀಕ್ಷಿಸಲು ಆಸ್ಪತ್ರೆಯೇ ಬೇಕು. ಎಮಿಲಿ ಅದಕ್ಕೆ ಕೈ ಹಾಕಲಿಲ್ಲ. ಇವರಿಗೆ ಅಂಥ ಕ್ಷೇತ್ರವನ್ನು ಗ್ರಹಿಸಲು ಆಗುತ್ತದೆಯೇ ಎಂದಷ್ಟೇ ಕೇಳಿದಳು.

ಒಂದು ರಟ್ಟಿನ ಪರದೆ, ಒಂದು ನಾಣ್ಯ. ಚಿಕಿತ್ಸಕರು ಪರದೆಯ ರಂಧ್ರಗಳ ಮೂಲಕ ಎರಡೂ ಕೈಗಳನ್ನು ಅಂಗೈ ಮೇಲಾಗಿ ಚಾಚಬೇಕು. ಎಮಿಲಿ ನಾಣ್ಯ ಚಿಮ್ಮಿ, ಎಡವೋ ಬಲವೋ ನಿರ್ಧರಿಸಿ, ಆ ಕೈಯ ಮೇಲೆ ಸ್ವಲ್ಪ ಎತ್ತರದಲ್ಲಿ ತನ್ನ ಕೈ ಹಿಡಿಯುತ್ತಿದ್ದಳು. ಯಾವ ಕೈಯ ಮೇಲೆ ಎಂದು ಅವರು ಹೇಳಬೇಕು. 21 ಚಿಕಿತ್ಸಕರು, ಒಟ್ಟು 280 ಪರೀಕ್ಷೆಗಳು. ಸರಿಯುತ್ತರ ಬಂದದ್ದು 123 ಬಾರಿ, ಅಂದರೆ ಶೇಕಡಾ 44. ಕಣ್ಣುಮುಚ್ಚಿ ಊಹಿಸಿದ್ದರೂ ಸುಮಾರು ಅರ್ಧ ಸರಿಯಾಗಬೇಕಿತ್ತು. 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಇದು ಪ್ರಬಂಧವಾಗಿ ಪ್ರಕಟವಾದಾಗ ಅವಳಿಗೆ 11 ವರ್ಷ.

ಇಲ್ಲಿ ಗಮನಿಸಬೇಕಾದದ್ದು ನಾಣ್ಯ. ಯಾವ ಕೈ ಎಂದು ಎಮಿಲಿ ತಾನೇ ಮನಸ್ಸಿಗೆ ಬಂದಂತೆ ಆರಿಸಿದ್ದರೆ, ಅವಳಿಗೇ ಅರಿವಿಲ್ಲದ ಒಂದು ಕ್ರಮ ಅದರಲ್ಲಿ ನುಸುಳುತ್ತಿತ್ತು, ಎದುರಿನವರು ಅದನ್ನು ಹಿಡಿದುಬಿಡಬಹುದಿತ್ತು. ನಾಣ್ಯ ಆ ಬಾಗಿಲನ್ನು ಮುಚ್ಚಿತು. ನಿಮ್ಮ ಪ್ರಯೋಗದಲ್ಲಿಯೂ ಯಾವ ಬೀಜ ಯಾವ ತಟ್ಟೆಗೆ, ಯಾವ ಅಳತೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಖರ್ಚಿಲ್ಲದ ಕೆಲಸ, ಮಾಡುವವರು ಮಾತ್ರ ಕಡಿಮೆ.

ಹಂತ 1: ಪ್ರಶ್ನೆಗಳನ್ನು ಕೂಡಿಹಾಕಿ

ಒಂದು ವಾರದ ಮಟ್ಟಿಗೆ ಅಂತರ್ಜಾಲವನ್ನು ಬದಿಗಿಡಿ. ಜೇಬಿನಲ್ಲಿ ಹಿಡಿಸುವ ಪುಸ್ತಕವೊಂದನ್ನು ಇಟ್ಟುಕೊಂಡು ದಿನವಿಡೀ ಕಂಡದ್ದನ್ನು, ಕಿರಿಕಿರಿಯಾದದ್ದನ್ನು, ಅನುಮಾನ ಬಂದದ್ದನ್ನು ಬರೆಯಿರಿ. 'ಒದ್ದೆ ಬಟ್ಟೆ ನೆರಳಿನಲ್ಲಿ ಗಾಳಿಗೆ ಬೇಗ ಒಣಗುತ್ತದೆಯೋ, ಗಾಳಿಯಿಲ್ಲದ ಬಿಸಿಲಿನಲ್ಲೋ?' 'ಇರುವೆಗಳ ಸಾಲು ಮಧ್ಯಾಹ್ನ ನಿಧಾನವಾಗುತ್ತದೆಯೇ?' 'ಬ್ಯಾಟರಿ ಶೇಕಡಾ 20ಕ್ಕೆ ಇಳಿದ ಮೇಲೆ ಮೊಬೈಲ್ ನಿಜಕ್ಕೂ ಬೇಗ ಆರುತ್ತದೆಯೇ, ನಮಗೆ ಹಾಗೆ ಅನಿಸುವುದೇ?' ಪ್ರಶ್ನೆ ಪೆದ್ದಾಗಿ ಕಂಡರೂ ಬರೆಯಿರಿ. ಜರಡಿ ಹಿಡಿಯುವ ಕೆಲಸ ಆಮೇಲಿನದು.

ಪ್ರಶ್ನೆಗಳು ದಂಡಿಯಾಗಿ ಸಿಗುವ ಜಾಗ ಎಂದರೆ ಜನರ ಖಚಿತ ಮಾತುಗಳು. ಜಾಹೀರಾತುಗಳು, ಪೊಟ್ಟಣಗಳ ಮೇಲಿನ ಭರವಸೆಗಳು, ಹಿರಿಯರು ಅಡ್ಡಿಯಿಲ್ಲದೆ ಹೇಳುವ ಸಂಗತಿಗಳು. 'ಎರಡು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ' ಎಂದು ಒರೆಸುವ ಕಾಗದದ ಪೊಟ್ಟಣದ ಮೇಲೆ ಬರೆದಿದ್ದರೆ ಅದು ನಿಮಗೆಂದೇ ಬರೆದ ಪ್ರಶ್ನೆ. ಒಂದು ತಕ್ಕಡಿ ಸಾಕು.

ವಿದ್ಯಾರ್ಥಿಯ ಪ್ರಶ್ನೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಟಾಂಜಾನಿಯಾದ ಎರಾಸ್ಟೊ ಎಂಪೆಂಬಾ ಸಾಕ್ಷಿ. 1963ರಲ್ಲಿ ಶಾಲೆಯಲ್ಲಿ ಐಸ್‌ಕ್ರೀಮ್ ಮಾಡುತ್ತಿದ್ದಾಗ, ಬಿಸಿ ಮಿಶ್ರಣ ತಣ್ಣನೆಯದಕ್ಕಿಂತ ಬೇಗ ಹೆಪ್ಪುಗಟ್ಟಿದಂತೆ ಅವನಿಗೆ ಕಂಡಿತು. ಕೇಳಿದರೆ ಮೇಷ್ಟರೂ ಸಹಪಾಠಿಗಳೂ ಗೇಲಿ ಮಾಡಿದರು. ಮುಂದೆ ಶಾಲೆಗೆ ಬಂದ ಭೌತವಿಜ್ಞಾನಿ ಡೆನಿಸ್ ಆಸ್ಬರ್ನ್ ಅವರಿಗೂ ಅದೇ ಪ್ರಶ್ನೆ ಹಾಕಿದ. ಅವರು ನಗಲಿಲ್ಲ, ಪರೀಕ್ಷಿಸಿದರು; 1969ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಬಂಧ ಬಂತು. ಇಂದಿಗೂ ವಿಜ್ಞಾನಿಗಳು ಇದರ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ಉಷ್ಣಮಾಪಕವನ್ನು ಪಾತ್ರೆಯಲ್ಲಿ ಎಲ್ಲಿ ಇಟ್ಟಿರಿ, 'ಹೆಪ್ಪುಗಟ್ಟಿತು' ಎಂದರೆ ಯಾವಾಗ ಎಂಬುದರ ಮೇಲೆ ಉತ್ತರವೇ ಬದಲಾಗುವುದುಂಟು. ನನ್ನನ್ನು ಕೇಳಿದರೆ, ಅಳತೆಯಲ್ಲಿನ ಈ ತಂಟೆಯೇ ಒಂದು ಸೊಗಸಾದ ಪ್ರಾಜೆಕ್ಟ್.

ಹಳೆಯ ಪ್ರಾಜೆಕ್ಟ್‌ಗಳನ್ನು ಓದುವುದೂ ಒಂದು ದಾರಿ. ಸೊಸೈಟಿ ಫಾರ್ ಸೈನ್ಸ್ ಎಂಬ ಸಂಸ್ಥೆ ನಡೆಸುವ ಅಂತಾರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ, ಚಿಕ್ಕದಾಗಿ 'ಐಸೆಫ್', 1950ರಲ್ಲಿ ಆರಂಭವಾದದ್ದು. ಅದರ ಸ್ಪರ್ಧಿಗಳ ಸಾರಾಂಶಗಳನ್ನು ಅಂತರ್ಜಾಲದಲ್ಲಿ ಹುಡುಕಿ ಓದಬಹುದು. ಸೈನ್ಸ್ ಬಡ್ಡೀಸ್ ಎಂಬ ತಾಣದಲ್ಲಿ ವಯಸ್ಸು, ಆಸಕ್ತಿ, ಕೈಯಲ್ಲಿರುವ ಸಮಯ ಇವುಗಳ ಪ್ರಕಾರ ವಿಷಯಗಳನ್ನು ಜೋಡಿಸಿದ್ದಾರೆ. ಇಂಥ ಬರಹಗಳನ್ನು ಕೊನೆಯಿಂದ ಓದಿ. 'ಮುಂದೆ ಇದನ್ನೂ ಪರೀಕ್ಷಿಸಬಹುದು' ಎಂದು ಬರೆದವರು ಬಿಟ್ಟುಹೋದ ಎಳೆಯನ್ನು ಹಿಡಿದುಕೊಂಡರೆ ಅದು ನಕಲಾಗುವುದಿಲ್ಲ, ಮುಂದುವರಿಕೆಯಾಗುತ್ತದೆ. ಅವರ ಕೆಲಸವನ್ನು ಓದಿದ್ದೀರಿ ಎಂದು ನಿಮ್ಮ ವರದಿಯಲ್ಲಿ ಹೇಳಿಬಿಡಿ.

ಅಂದಹಾಗೆ, ಆ ನಿಂಬೆಹಣ್ಣಿನ ಬ್ಯಾಟರಿಗೂ ಪುನರ್ಜನ್ಮ ಕೊಡಬಹುದು. ಬಲ್ಬು ಹೊತ್ತಿಸಿ ತೋರಿಸುವ ಬದಲು ತಾಮ್ರ ಮತ್ತು ಸತುವಿನ ಪಟ್ಟಿಗಳ ನಡುವಿನ ಅಂತರವನ್ನು 1, 2, 3 ಸೆಂಟಿಮೀಟರ್ ಎಂದು ಬದಲಿಸುತ್ತ ಹೋಗಿ, ವೋಲ್ಟೇಜನ್ನೂ ವಿದ್ಯುತ್ ಪ್ರವಾಹವನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಎರಡೂ ಒಂದೇ ರೀತಿ ವರ್ತಿಸುವುದಿಲ್ಲ. ಯಾಕೆ ಎಂಬುದು ನಿಮ್ಮ ಪ್ರಾಜೆಕ್ಟ್.

ಹಂತ 2: ಜರಡಿ ಹಿಡಿಯಿರಿ

ಕೂಡಿಹಾಕಿದ ಪ್ರತಿ ಪ್ರಶ್ನೆಗೂ ಮೂರು ಮಾತು ಕೇಳಿ. ನಾನು ಬದಲಿಸುವ ಒಂದೇ ಒಂದು ಸಂಗತಿ ಯಾವುದು? ನಾನು ಅಳೆಯುವುದು ಏನನ್ನು, ಯಾವ ಮಾನದಲ್ಲಿ? ಮೇಳದ ದಿನದೊಳಗೆ ಇದನ್ನು ಎಷ್ಟು ಸಲ ಮಾಡಬಲ್ಲೆ? ಮೂರರಲ್ಲಿ ಒಂದಕ್ಕಾದರೂ ಉತ್ತರ ಇಲ್ಲದ ಪ್ರಶ್ನೆಯನ್ನು ಮುಲಾಜಿಲ್ಲದೆ ಹೊಡೆದುಹಾಕಿ. 'ಸಂಗೀತ ಕೇಳಿದರೆ ಗಿಡ ಖುಷಿಯಾಗಿರುತ್ತದೆಯೇ?' ಎರಡನೆಯ ಮಾತಿಗೇ ಬಿದ್ದುಹೋಗುತ್ತದೆ, ಖುಷಿಗೆ ಮಾನವಿಲ್ಲ. 'ಮಾಲಿನ್ಯ', 'ಸೌರಶಕ್ತಿ' ಎಂಬುವು ಪ್ರಶ್ನೆಗಳೇ ಅಲ್ಲ, ಅಧ್ಯಾಯದ ಹೆಸರುಗಳು.

ಒಂದನ್ನು ಕೊನೆಯವರೆಗೆ ಬಿಡಿಸಿ ನೋಡೋಣ. ಆಸಕ್ತಿ 'ಗಿಡಗಳು' ಎಂದಿಟ್ಟುಕೊಳ್ಳಿ. ಗಿಡ ಬೆಳೆಯಲು ತಿಂಗಳುಗಳು ಬೇಕು, ಸಮಯವಿಲ್ಲ, ಹಾಗಾಗಿ ಮೊಳಕೆ. ಮೊಳಕೆಗೆ ಏನು ಅಡ್ಡಿ? ನೀರಿನಲ್ಲಿರುವ ಉಪ್ಪು. ಪ್ರಶ್ನೆ ಹೀಗಾಯಿತು: 'ನೀರಿನಲ್ಲಿ ಉಪ್ಪು ಎಷ್ಟು ಹೆಚ್ಚಾದರೆ ಈ ಕಾಳು ಮೊಳೆಯುವುದು ಅರ್ಧಕ್ಕಿಳಿಯುತ್ತದೆ?' ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಅಷ್ಟು ಬೇಡ, 0, 3, 6, 9, 12 ಗ್ರಾಂ ಎಂಬ ಐದು ಮಟ್ಟ ಸಾಕು.

3 ಗ್ರಾಂ ಉಪ್ಪನ್ನು ಸರಿಯಾಗಿ ತೂಗುವ ತಕ್ಕಡಿ ಎಲ್ಲರ ಬಳಿ ಇರುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಗ್ರಾಂ ಆಚೀಚೆಯಾದರೆ 3 ಗ್ರಾಮಿಗೆ ಮೂರನೆಯ ಒಂದು ಭಾಗದ ತಪ್ಪು. ಆದ್ದರಿಂದ 36 ಗ್ರಾಂ ಉಪ್ಪನ್ನು ಒಮ್ಮೆ ತೂಗಿ, ಕರಗಿಸಿ, ಒಟ್ಟು 3 ಲೀಟರ್ ಆಗುವಂತೆ ನೀರು ತುಂಬಿ. ಲೀಟರಿಗೆ 12 ಗ್ರಾಮಿನ ದ್ರಾವಣ ಸಿದ್ಧ. ಅದರ 250 ಮಿಲಿಲೀಟರಿಗೆ 750 ಮಿಲಿಲೀಟರ್ ನೀರು ಬೆರೆಸಿದರೆ ಲೀಟರಿಗೆ 3 ಗ್ರಾಂ. ಅರ್ಧಕ್ಕರ್ಧ ಬೆರೆಸಿದರೆ 6. 750ಕ್ಕೆ 250 ಬೆರೆಸಿದರೆ 9. ಒಂದೇ ತೂಕದಿಂದ ಎಲ್ಲ ಮಟ್ಟಗಳೂ ಸಿಕ್ಕವು.

ಪ್ರತಿ ಮಟ್ಟಕ್ಕೆ ಮೂರು ತಟ್ಟೆ, ಪ್ರತಿ ತಟ್ಟೆಯಲ್ಲಿ 20 ಕಾಳು. ಒಟ್ಟು 15 ತಟ್ಟೆ, 300 ಕಾಳು. ಎಲ್ಲ ತಟ್ಟೆಗೂ ಒಂದೇ ಅಳತೆಯ ದ್ರಾವಣ, ಒಂದೇ ಜಾಗ. ಮುಚ್ಚಳ ಮರೆಯಬೇಡಿ: ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ತೆರೆದಿಟ್ಟ ತಟ್ಟೆಯ 6 ಗ್ರಾಂ ಮೂರನೆಯ ದಿನಕ್ಕೆ 6 ಗ್ರಾಂ ಆಗಿರುವುದಿಲ್ಲ. 'ಮೊಳೆತಿದೆ' ಎಂದರೇನು ಎಂಬುದನ್ನೂ ಎಣಿಸುವ ಮೊದಲೇ ಬರೆದಿಡಿ. ಬೇರು 2 ಮಿಲಿಮೀಟರ್ ಹೊರಗೆ ಬಂದಿದ್ದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಆಮೇಲೆ ನಿರ್ಧರಿಸಲು ಹೊರಟರೆ ನಮಗೆ ಬೇಕಾದ ಉತ್ತರದ ಕಡೆಗೆ ಕಣ್ಣು ವಾಲುತ್ತದೆ.

ಮೂರು ತಟ್ಟೆಗಳೇಕೆ? ಉಪ್ಪಿಲ್ಲದ ಒಂದು ತಟ್ಟೆಯಲ್ಲಿ 18, ಇನ್ನೊಂದರಲ್ಲಿ 15 ಮೊಳೆತಿವೆ ಎನ್ನೋಣ. ಏನೂ ಬದಲಿಸದೆಯೇ ಮೂರರ ವ್ಯತ್ಯಾಸ ಬಂತು. ಹಾಗಿರುವಾಗ 3 ಗ್ರಾಂ ಉಪ್ಪಿನ ತಟ್ಟೆಯಲ್ಲಿ 16 ಕಂಡರೆ ಅದನ್ನು ಉಪ್ಪಿನ ತಲೆಗೆ ಕಟ್ಟಲು ಬರುವುದಿಲ್ಲ. ಒಂದೇ ತಟ್ಟೆ ಇಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ.

ಹಂತ 3: ಅಳೆಯುವ ಸಾಧನಗಳು

ಜೇಬಿನ ಮೊಬೈಲಿನಲ್ಲಿ ವೇಗೋತ್ಕರ್ಷ, ಕಾಂತಕ್ಷೇತ್ರ, ಶಬ್ದ ಇವುಗಳನ್ನು ಅಳೆಯುವ ಸಂವೇದಕಗಳಿವೆ. ಹಲವು ಮೊಬೈಲುಗಳು ಬೆಳಕನ್ನು, ಕೆಲವು ಗಾಳಿಯ ಒತ್ತಡವನ್ನೂ ಅಳೆಯುತ್ತವೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆಪ್ ಈ ಸಂವೇದಕಗಳ ಅಂಕಿಗಳನ್ನು ನೇರವಾಗಿ ನಿಮ್ಮ ಕೈಗೆ ಕೊಡುತ್ತದೆ.

ಅದರಲ್ಲಿ ಶಬ್ದ ಕೇಳಿದಾಗ ಓಡಲು ಆರಂಭಿಸಿ, ಮತ್ತೆ ಕೇಳಿದಾಗ ನಿಲ್ಲುವ ಗಡಿಯಾರವೊಂದಿದೆ. ಎರಡು ಮೊಬೈಲುಗಳನ್ನು 5 ಮೀಟರ್ ದೂರದಲ್ಲಿಡಿ. ಮೊದಲನೆಯದರ ಪಕ್ಕ ನಿಂತವರು ಚಪ್ಪಾಳೆ ತಟ್ಟಲಿ. ಎರಡೂ ಗಡಿಯಾರಗಳು ಓಡತೊಡಗುತ್ತವೆ, ದೂರದ್ದು ತುಸು ತಡವಾಗಿ. ಬಳಿಕ ಎರಡನೆಯದರ ಪಕ್ಕದವರು ತಟ್ಟಲಿ. ಈ ಸಲ ಮೊದಲನೆಯದು ತಡವಾಗಿ ನಿಲ್ಲುತ್ತದೆ. ಎರಡರ ಓದುಗಳ ವ್ಯತ್ಯಾಸ ಎಂದರೆ ಶಬ್ದವು 10 ಮೀಟರ್ ಸಾಗಲು ಹಿಡಿದ ಸಮಯ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ನಿಮಗೆ 29 ಮಿಲಿಸೆಕೆಂಡಿನ ಆಸುಪಾಸು ಬರಬೇಕು.

ಇಲ್ಲಿಯವರೆಗಿನದು ಪ್ರದರ್ಶನವೇ. ಪ್ರಯೋಗ ಶುರುವಾಗುವುದು 'ತಾಪಮಾನ ಏರಿದರೆ ಶಬ್ದ ಬೇಗ ಸಾಗುತ್ತದೆಯೇ, ಅದನ್ನು ಎರಡು ಮೊಬೈಲುಗಳಿಂದ ಪತ್ತೆಹಚ್ಚಬಹುದೇ?' ಎಂದು ಕೇಳಿದಾಗ. ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. 10 ಡಿಗ್ರಿಯ ವ್ಯತ್ಯಾಸವಿದ್ದರೂ 5 ಮೀಟರ್ ಜೋಡಣೆಯಲ್ಲಿ ಬದಲಾಗುವುದು ಅರ್ಧ ಮಿಲಿಸೆಕೆಂಡ್ ಮಾತ್ರ. 20 ಮೀಟರಿಗೆ ಸರಿಸಿದರೆ ಸುಮಾರು 2 ಮಿಲಿಸೆಕೆಂಡ್. ನಿಮ್ಮ ಅಳತೆಗಳು ಒಂದರಿಂದ ಒಂದಕ್ಕೆ ಎಷ್ಟು ಏರುಪೇರಾಗುತ್ತವೆ ಎಂದು ಮೊದಲು ನೋಡಿ, ಆಮೇಲೆ ದೂರ ಆರಿಸಿ. ಈ ಲೆಕ್ಕವನ್ನು ಮೊದಲೇ ಮಾಡಿದ ವಿದ್ಯಾರ್ಥಿಯನ್ನು ತೀರ್ಪುಗಾರರು ಸುಲಭಕ್ಕೆ ಮರೆಯುವುದಿಲ್ಲ.

ಚಲನೆಯನ್ನು ಅಳೆಯಲು ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶವಿದೆ. ಸಾಮಾನ್ಯ ವಿಡಿಯೊದ ಸೆಕೆಂಡಿನ 30 ಚಿತ್ರಗಳಲ್ಲಿ ವಸ್ತು ಎಲ್ಲೆಲ್ಲಿದೆ ಎಂದು ಗುರುತು ಹಾಕಿಸುತ್ತದೆ. ಎಲೆಯ ವಿಸ್ತೀರ್ಣ, ಬೂಸ್ಟಿನ ಮಚ್ಚೆಯ ಅಗಲ ಬೇಕಿದ್ದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಹುಟ್ಟಿದ ಇಮೇಜ್‌ಜೆ ಉಚಿತವಾಗಿ ಸಿಗುತ್ತದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿರಬೇಕು, ಅಷ್ಟೇ.

ಏನನ್ನೂ ಕಟ್ಟದೆ, ಬೇರೆಯವರು ಕೂಡಿಸಿಟ್ಟ ಅಂಕಿ ಅಂಶಗಳಿಂದಲೇ ಪ್ರಾಜೆಕ್ಟ್ ಮಾಡಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಸೂರ್ಯನ ಮೇಲ್ಮೈಯಲ್ಲಿ ಕಾಣುವ ಕಪ್ಪು ಕಲೆಗಳ ಎಣಿಕೆಯನ್ನು ಬ್ರಸೆಲ್ಸ್‌ನಲ್ಲಿರುವ ಬೆಲ್ಜಿಯಂನ ರಾಯಲ್ ವೀಕ್ಷಣಾಲಯ ಎಲ್ಲರಿಗೂ ತೆರೆದಿಟ್ಟಿದೆ. ಈ ಕಲೆಗಳು ಸುಮಾರು 11 ವರ್ಷಗಳ ಚಕ್ರದಲ್ಲಿ ಏರಿಳಿಯುತ್ತವೆ ಎಂಬುದರ ಸುಳಿವು ಹಿಡಿದವನು ಹೈನ್ರಿಕ್ ಶ್ವಾಬೆ ಎಂಬ ಔಷಧ ವ್ಯಾಪಾರಿ. 1826ರಿಂದ ವರ್ಷಗಟ್ಟಲೆ ಸೂರ್ಯನನ್ನು ನೋಡಿದ. ಅವನು ಹುಡುಕುತ್ತಿದ್ದುದು ಬುಧನಿಗಿಂತ ಒಳಗಿರಬಹುದಾದ ಗ್ರಹವನ್ನು, ಸಿಕ್ಕಿದ್ದು ಇದು. 1755ರಿಂದ ಈಚೆಗೆ ಚಕ್ರಗಳಿಗೆ ಸಂಖ್ಯೆ ಹಾಕಿದ್ದಾರೆ, ಈಗಿನದು 25ನೆಯದು. 'ಬೇಗ ಶಿಖರಕ್ಕೇರುವ ಚಕ್ರಗಳು ಹೆಚ್ಚು ಬಲವಾದುವೇ?' ಎಂಬ ಪ್ರಶ್ನೆಯನ್ನು ಒಂದು ಸ್ಪ್ರೆಡ್‌ಶೀಟ್ ಮತ್ತು ಎರಡು ರಜಾದಿನಗಳಲ್ಲಿ ಬಗೆಹರಿಸಬಹುದು. ಹಕ್ಕಿಗಳಲ್ಲಿ ಆಸಕ್ತಿ ಇದ್ದರೆ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಇ-ಬರ್ಡ್, ಎಲ್ಲ ಬಗೆಯ ಜೀವಿಗಳಿಗೆ ಐನ್ಯಾಚುರಲಿಸ್ಟ್. ಒಂದು ಎಚ್ಚರಿಕೆ: ಇವು ಜನ ನೋಡಿ ದಾಖಲಿಸಿದವು. ಭಾನುವಾರ ಹಕ್ಕಿಗಳು ಹೆಚ್ಚು ಕಂಡವು ಎಂದರೆ ಹಕ್ಕಿಗಳು ಹೆಚ್ಚಿದ್ದವು ಎಂದಲ್ಲ, ನೋಡುವವರು ಹೆಚ್ಚಿದ್ದರು ಎಂದಿರಬಹುದು.

ಹಂತ 4: ಬಲ್ಲವರನ್ನು ಕೇಳುವುದು

ಗ್ರಂಥಪಾಲಕರು, ಶಿಕ್ಷಕರು, ಹತ್ತಿರದ ಕಾಲೇಜಿನ ಪ್ರಾಧ್ಯಾಪಕರು, ಎಲ್ಲರನ್ನೂ ಕೇಳಬಹುದು. ಆದರೆ 'ಸರ್, ನನಗೊಂದು ಪ್ರಾಜೆಕ್ಟ್ ಹೇಳಿ' ಎಂಬ ಪತ್ರಕ್ಕೆ ಉತ್ತರ ಬರುವುದು ಅಪರೂಪ. ನಿಮ್ಮ ಪ್ರಶ್ನೆ ಏನು, ಈವರೆಗೆ ಏನು ಮಾಡಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂಬುದನ್ನು ಐದಾರು ಸಾಲಿನಲ್ಲಿ ಬರೆದು, ಒಂದೇ ಒಂದು ಸಂದೇಹ ಕೇಳಿ. ಇಂಗ್ಲೆಂಡಿನ ಬ್ಲಾಕಾಟನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯ 8ರಿಂದ 10 ವರ್ಷದ 25 ಮಕ್ಕಳು ಒಬ್ಬ ನರವಿಜ್ಞಾನಿಯ ಜೊತೆ ಸೇರಿ, ದುಂಬಿಗಳು ಬಣ್ಣ ಮತ್ತು ವಿನ್ಯಾಸವನ್ನು ಹೇಗೆ ಬಳಸಿಕೊಳ್ಳುತ್ತವೆ ಎಂದು ಪರೀಕ್ಷಿಸಿದ್ದು 2010ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿತ್ರಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಮಕ್ಕಳೇ ಬರೆದಿದ್ದರು.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಬಳಸುವುದಾದರೆ ವಿಷಯ ಕೇಳಬೇಡಿ. ಅದು ಕೊಡುವುದು ಮತ್ತೆ ಅದೇ ಜ್ವಾಲಾಮುಖಿಯ ಪಟ್ಟಿ. ನಿಮ್ಮ ಯೋಜನೆಯನ್ನು ಅದರ ಮುಂದಿಟ್ಟು 'ಇದರಲ್ಲಿ ಎಲ್ಲೆಲ್ಲಿ ತಪ್ಪು ನುಸುಳಬಹುದು?' ಎಂದು ಕೇಳಿ. ಅದು ಹೆಸರಿಸುವ ಪ್ರಬಂಧಗಳು ನಿಜವಾಗಿ ಇವೆಯೇ ಎಂದು ನೀವೇ ಹುಡುಕಿ ಖಚಿತಪಡಿಸಿಕೊಳ್ಳಿ, ಇಲ್ಲದ್ದನ್ನು ಇದೆ ಎನ್ನುವ ಚಾಳಿ ಅದಕ್ಕಿದೆ.

ಹಂತ 5: ಅನುಮತಿ ಮೊದಲು, ಪ್ರಯೋಗ ಆಮೇಲೆ

ಮನುಷ್ಯರ ಮೇಲೆ, ಬೆನ್ನೆಲುಬಿರುವ ಪ್ರಾಣಿಗಳ ಮೇಲೆ, ಸೂಕ್ಷ್ಮಜೀವಿಗಳನ್ನು ಬಳಸಿ ಮಾಡುವ ಪ್ರಯೋಗಗಳಿಗೆ ಐಸೆಫ್‌ನಂಥ ಮೇಳಗಳಲ್ಲಿ ಮುಂಚಿತ ಒಪ್ಪಿಗೆ ಬೇಕು. ಸಹಪಾಠಿಗಳಿಂದ ಪ್ರಶ್ನಾವಳಿ ತುಂಬಿಸುವುದೂ 'ಮನುಷ್ಯರ ಮೇಲಿನ' ಅಧ್ಯಯನವೇ. ಬಾಗಿಲ ಹಿಡಿಕೆಯ ಬ್ಯಾಕ್ಟೀರಿಯಾವನ್ನು ಮನೆಯಲ್ಲಿ ಬೆಳೆಸುವ ಪ್ರಾಜೆಕ್ಟ್ ಬಹಳ ಜನಪ್ರಿಯ. ಐಸೆಫ್ ನಿಯಮಗಳ ಪ್ರಕಾರ ಮನೆಯಲ್ಲಿ ಹಾಗೆ ಬೆಳೆಸುವಂತೆಯೇ ಇಲ್ಲ. ಬೆಳೆದದ್ದು ಯಾವ ಜೀವಿ ಎಂದು ನಿಮಗೆ ಗೊತ್ತಿರುವುದಿಲ್ಲ, ತೊಂದರೆ ಅದೇ. ಕೆಲಸ ಮುಗಿದ ಮೇಲೆ ಅರ್ಜಿ ತುಂಬಿದರೆ ಒಪ್ಪುವುದಿಲ್ಲ. ಹಾಗಾಗಿ ಇಂಥ ವಿಷಯ ಆರಿಸಿದವರು ಎಲ್ಲಕ್ಕಿಂತ ಮೊದಲು ಅರ್ಜಿ ತುಂಬಬೇಕು.

ಹಂತ 6: ದಿನಾಂಕದಿಂದ ಹಿಂದಕ್ಕೆ ಎಣಿಸಿ

ಮೇಳದ ಹಿಂದಿನ ವಾರ ಫಲಕ ಮತ್ತು ವರದಿಗೆ. ಅದರ ಹಿಂದಿನ ವಾರ ಗ್ರಾಫ್ ಬರೆದು ಯೋಚಿಸಲು. ಅಲ್ಲಿಂದ ಹಿಂದಕ್ಕೆ, ಪ್ರಯೋಗ ಹಿಡಿಯುವ ಸಮಯದ ಎರಡು ಪಟ್ಟನ್ನು ಪ್ರಯೋಗಕ್ಕೆ ಬಿಡಿ, ಏಕೆಂದರೆ ಮೊದಲ ಸುತ್ತು ಯಾವಾಗಲೂ ಕಲಿಯುವುದಕ್ಕೇ ಹೋಗುತ್ತದೆ. ಉಳಿದ ದಿನಗಳಲ್ಲಿ ನಿಮ್ಮ ಪ್ರಶ್ನೆ ಹಿಡಿಸದಿದ್ದರೆ ಪ್ರಶ್ನೆಯನ್ನು ಚಿಕ್ಕದು ಮಾಡಿ, ತಟ್ಟೆಗಳ ಸಂಖ್ಯೆಯನ್ನಲ್ಲ.

ಅಳತೆಗಳನ್ನು ಹೊಲಿದ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಹಾಳೆ ಹರಿಯಬೇಡಿ. ಊಹೆಗೆ ವಿರುದ್ಧವಾದ ಫಲಿತಾಂಶ ಬಂದರೆ ಅಂಕಿಗಳನ್ನು ತಿದ್ದುವ ಆಸೆ ಹುಟ್ಟುತ್ತದೆ, ಅದರಲ್ಲೂ ಅಕ್ಕಪಕ್ಕದಲ್ಲಿ ಅವಸರದ ಹೆತ್ತವರಿದ್ದರೆ. ಉಪ್ಪಿನಿಂದ ಮೊಳಕೆ ಕಡಿಮೆಯಾಗಲೇ ಇಲ್ಲ ಎಂದು ಬಂದರೆ ಹಾಗೆಯೇ ಬರೆಯಿರಿ, ಕಾರಣ ಏನಿರಬಹುದೆಂದು ಚರ್ಚಿಸಿ.

ಮೇಳದ ದಿನ ಆ ಗೀಚುಗಳ ಪುಸ್ತಕವನ್ನು ಹೊಸದಾಗಿ ನಕಲು ಮಾಡದೆ, ಇದ್ದ ಹಾಗೆಯೇ ಮೇಜಿನ ಮೇಲಿಡಿ. ಫಲಕದ ಮೇಲ್ಭಾಗದಲ್ಲಿ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ, ಅದರ ಕೆಳಗೆ ಒಂದೇ ಗ್ರಾಫ್. ತೀರ್ಪುಗಾರರು ಬಹುತೇಕ ಖಂಡಿತವಾಗಿ ಕೇಳುವ ಪ್ರಶ್ನೆ, 'ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀಯ?' ಎಂಬುದು. ಅದಕ್ಕೆ ಉತ್ತರವನ್ನು ಪ್ರಯೋಗ ನಡೆಯುತ್ತಿರುವಾಗಲೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತ ಹೋಗಿ. ಕೇಳಿದಾಗ ಆ ಹಾಳೆ ತೆರೆದು ತೋರಿಸಬಹುದು.